ಕಾರಣ ಬರೆದಿಟ್ಟ ‘ಇಲ್ಲ’

(ಬಾಗಲಕೋಟೆಯ ನವನಗರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಬಂದ ಹಾಗೆಯೇ ಉಳಿಸಿಕೊಂಡಿದ್ದೇನೆ.)

ನೀವೆಲ್ಲ ಪರೀಕ್ಷೆಗಾಗಿ ಸಿ, ಪೈಥಾನ್, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ಕಲಿತಿದ್ದೀರಿ. ಆ ವ್ಯಾಕರಣ ಹೀಗೆಯೇ ಏಕಿದೆ, ಅದನ್ನು ನಿರ್ಧರಿಸಿದವರು ಯಾರು, ನಿರ್ಧರಿಸಿದ ದಿನ ಯಾರಿಗೆ ಸಿಟ್ಟು ಬಂತು, ಆ ಸಿಟ್ಟಿಗೆ ಅವರು ಏನು ಉತ್ತರ ಕೊಟ್ಟರು ಎಂಬ ವಿಷಯ ಮಾತ್ರ ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಓಪನ್ ಸೋರ್ಸ್, ಅಂದರೆ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟ, ಭಾಷೆಗಳ ಮಟ್ಟಿಗೆ ಈ ಉತ್ತರಗಳೆಲ್ಲ ಬಹಿರಂಗವಾಗಿಯೇ ಇವೆ, ಓದುವವರು ಕಡಿಮೆ. ಒಂದು ಭಾಷೆಯನ್ನು ನೋಡಿಕೊಳ್ಳುವವರ ಮೇಲೆ ಎರಡು ಕಡೆಯಿಂದ ಒತ್ತಡ ಬರುತ್ತದೆ: ಒಂದು, ಬಳಸುವವರ ಬಹಿರಂಗ ಟೀಕೆ, ಇನ್ನೊಂದು, ‘ನಿಮ್ಮ ಭಾಷೆಗೆ ಅಧಿಕೃತ ಶಿಷ್ಟತೆ (ಸ್ಟ್ಯಾಂಡರ್ಡ್) ಎಲ್ಲಿದೆ?’ ಎಂಬ ಬೇಡಿಕೆ. ಇವೆರಡನ್ನೂ ಬೇರೆ ಬೇರೆ ತಲೆನೋವು ಎಂದು ಎಣಿಸುವುದು ವಾಡಿಕೆ. ನನ್ನ ಅನುಭವದಲ್ಲಿ ಎರಡೂ ಕೇಳುವುದು ಒಂದನ್ನೇ, ಅಂದರೆ ಲಿಖಿತವಾದ ಕಾರಣವನ್ನು ಮತ್ತು ಲಿಖಿತವಾದ ಭರವಸೆಯನ್ನು.

ಶಿಷ್ಟತೆ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ‘ಹೋಗೂಣು, ಬರೂಣು’ ಎಂದು ಮಾತನಾಡುತ್ತ ಬೆಳೆದು, ಶಾಲೆಯಲ್ಲಿ ‘ಹೋಗೋಣ, ಬರೋಣ’ ಎಂದು ತಿದ್ದಿಸಿಕೊಂಡ ನಮಗೆ ಶಿಷ್ಟ ರೂಪದಿಂದ ಆಗುವ ಲಾಭವೂ ಗೊತ್ತು, ಅದು ಚುಚ್ಚುವ ಜಾಗವೂ ಗೊತ್ತು.

ಮೊದಲು ನನ್ನದೇ ಒಂದು ತಪ್ಪಿನ ಕತೆ. ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ಭಾಷೆಯ ಪ್ರೋಗ್ರಾಮುಗಳನ್ನು ಓದಿ ಓಡಿಸುವ ಇಂಟರ್‌ಪ್ರಿಟರನ್ನು ನೋಡಿಕೊಳ್ಳುತ್ತಿದ್ದ ನಾಲ್ಕೈದು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ಘೋಷಿಸದ ವೇರಿಯಬಲ್ ಬಳಸಿದರೆ ಪ್ರೋಗ್ರಾಮ್ ಓಡುವ ಮೊದಲೇ ದೋಷ ತೋರಿಸಬೇಕೆಂದು ಒಬ್ಬರು ಕೇಳಿದರು. ‘ಇದು ನಮ್ಮ ಭಾಷೆಯ ಸ್ವಭಾವಕ್ಕೆ ಹೊಂದುವುದಿಲ್ಲ’ ಎಂದು ಒಂದೇ ಸಾಲು ಬರೆದು ಮುಚ್ಚಿಬಿಟ್ಟೆ. ಒಂದು ವರ್ಷದಲ್ಲಿ ಅದೇ ಬೇಡಿಕೆ ಬೇರೆ ಬೇರೆಯವರಿಂದ ಮತ್ತೆ ಮೂರು ಬಾರಿ ಬಂತು, ಪ್ರತಿ ಸಲವೂ ಮೊದಲಿಗಿಂತ ಒಂದು ಪಟ್ಟು ಹೆಚ್ಚು ಖಾರವಾಗಿ. ನಾಲ್ಕನೆಯ ಸಲ ನಾನೂ ಸಿಟ್ಟಿನಿಂದಲೇ, ಇನ್ನು ಯಾರೂ ಕೇಳಬಾರದು ಎಂಬ ಹಟದಿಂದ, ಕಾರಣಗಳನ್ನು ವಿವರವಾಗಿ ಬರೆಯಲು ಕುಳಿತೆ. ಮೂರು ಕಾರಣ ಬರೆದೆ. ಓದಿ ನೋಡಿದರೆ ಅವುಗಳಲ್ಲಿ ಎರಡಕ್ಕೆ ಜೀವವೇ ಇರಲಿಲ್ಲ. ಪರಿಶೀಲನೆಯಿಂದ ವೇಗ ಕುಗ್ಗುತ್ತದೆ ಎಂಬುದು ಒಂದು. ಆದರೆ ಕೋಡನ್ನು ಓದಿ ಬಿಡಿಸುವ ಪಾರ್ಸರನ್ನು ಹೊಸದಾಗಿ ಬರೆದ ಮೇಲೆ ಆ ಮಾತು ಸುಳ್ಳಾಗಿ ಬಹಳ ಕಾಲವಾಗಿತ್ತು. ಕೊನೆಗೆ ದೋಷವಾಗಿ ಅಲ್ಲದಿದ್ದರೂ ಎಚ್ಚರಿಕೆಯ ರೂಪದಲ್ಲಿ ಅದನ್ನು ಸೇರಿಸಿದೆವು. ಮೊದಲ ದಿನವೇ ಕಾರಣ ಬರೆದಿದ್ದರೆ ಮೂವರ ಸಿಟ್ಟೂ ತಪ್ಪುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು.

ಇನ್ನು ದೊಡ್ಡ ಭಾಷೆಗಳ ಕಡೆಗೆ ಬರುತ್ತೇನೆ. ಬಾಗಲಕೋಟೆಯಲ್ಲಿ ‘ಮುಳುಗಡೆ’ ಎಂಬ ಪದವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಹಳೆಯ ಊರು ಬಿಟ್ಟು ಈ ಸೆಕ್ಟರುಗಳಿಗೆ ಬಂದ ಮನೆತನಗಳವರು ನಿಮ್ಮಲ್ಲಿಯೇ ಇದ್ದೀರಿ. ಊರು ಬದಲಿಸುವಾಗ ಬರುವ ತಕರಾರುಗಳನ್ನು ನೆನಪಿಸಿಕೊಳ್ಳಿ. ಕೆಲವರು ‘ನಾವು ಬರುವುದೇ ಇಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ಬರುತ್ತೇವೆ, ಆದರೆ ನಳ ಎಲ್ಲಿ, ಬಸ್ಸು ಎಲ್ಲಿ, ಅಂಗಡಿ ಎಲ್ಲಿ?’ ಎನ್ನುತ್ತಾರೆ. ಎರಡರ ದನಿಯೂ ಒಂದೇ ಎತ್ತರದಲ್ಲಿರುವುದರಿಂದ ದೂರದಲ್ಲಿ ನಿಂತವರಿಗೆ ಎರಡೂ ಒಂದೇ ಗಲಾಟೆಯಾಗಿ ಕೇಳಿಸುತ್ತವೆ.

ಪೈಥಾನ್ 2ರಿಂದ 3ಕ್ಕೆ ಆದ ವಲಸೆ ಇಂಥದ್ದೇ. ಪೈಥಾನ್ 3.0 ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಹಾಗೆಯೇ ಓಡುವುದಿಲ್ಲ ಎಂದು ತಿಳಿದೇ ಅದನ್ನು ಮಾಡಿದ್ದರು. ಮುಖ್ಯ ಕಾರಣ ಪಠ್ಯ. ಪೈಥಾನ್ 2ರಲ್ಲಿ ಸಾಮಾನ್ಯ ಸ್ಟ್ರಿಂಗ್ (ಪಠ್ಯದ ತುಣುಕು) ಎಂದರೆ ಬೈಟುಗಳ, ಅಂದರೆ ಕಂಪ್ಯೂಟರಿನ ಸಂಗ್ರಹದ ಚಿಕ್ಕ ಘಟಕಗಳ, ಸಾಲು. ‘ಕನ್ನಡ’ ಎಂಬ ಪದವನ್ನು ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕೊಟ್ಟು ಅದರ ಉದ್ದ ಕೇಳಿದರೆ 15 ಎನ್ನುತ್ತಿತ್ತು. ಪೈಥಾನ್ 3 ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಶಿಷ್ಟತೆ) ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಕಣ್ಣಿಗೆ ಕಾಣುವ ಅಕ್ಷರ ಮೂರೇ ಎಂಬುದು ಬೇರೆ ಮಾತು, ಆದರೂ 15ಕ್ಕಿಂತ 5 ಸತ್ಯಕ್ಕೆ ಹತ್ತಿರ. ನಮ್ಮಂಥ ಭಾಷೆಯವರಿಗೆ ಇದು ದೊಡ್ಡ ಉಪಕಾರ. ಇಂಗ್ಲಿಷಿನ ಅಕ್ಷರಗಳ ಆಚೆ ಎಂದೂ ಹೋಗದವರಿಗೆ ಇದು ಕಾರಣವಿಲ್ಲದ ಕಿರಿಕಿರಿಯಾಗಿ ಕಂಡಿತು, ಮತ್ತು ಟೀಕೆಯ ದೊಡ್ಡ ಪಾಲು ಅವರಿಂದಲೇ ಬಂತು.

ಪೈಥಾನಿನ ತಂಡ ಏನು ಮಾಡಿತು ಎಂಬುದನ್ನು ಗಮನಿಸಿ. ‘ಹಳೆಯದಕ್ಕೆ ಮರಳಿ’ ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ‘ದಾರಿಯಲ್ಲಿ ಕಲ್ಲುಗಳಿವೆ’ ಎಂಬ ದೂರನ್ನು ಮಾತ್ರ ಒಂದೊಂದಾಗಿ ಕೈಗೆತ್ತಿಕೊಂಡಿತು. ಯೂನಿಕೋಡ್ ಸ್ಟ್ರಿಂಗಿನ ಮೊದಲು ಹಾಕುತ್ತಿದ್ದ ‘ಯು’ ಗುರುತನ್ನು ಪೈಥಾನ್ 3ರಲ್ಲಿ ತೆಗೆದುಹಾಕಿದ್ದರು. ಎರಡೂ ಆವೃತ್ತಿಗಳಲ್ಲಿ ಓಡುವ ಕೋಡ್ ಬರೆಯಬೇಕಾದವರಿಗೆ ಇದರಿಂದ ಸಂಕಟವಾಗುತ್ತಿತ್ತು. 2012ರ ಪೈಥಾನ್ 3.3ರಲ್ಲಿ ಆ ಗುರುತನ್ನು ಮರಳಿ ತಂದರು, ಅದು ಅಲ್ಲಿ ಏನೂ ಕೆಲಸ ಮಾಡದಿದ್ದರೂ. ಬೈಟುಗಳ ಸಾಲಿನಲ್ಲಿ ಶೇಕಡಾ ಚಿಹ್ನೆ ಇಟ್ಟು ಮೌಲ್ಯ ತುಂಬುವ ಸೌಲಭ್ಯ (ಫಾರ್ಮ್ಯಾಟಿಂಗ್) ಇಲ್ಲದೆ ನೆಟ್‌ವರ್ಕ್ ಕೋಡ್ ಬರೆಯುವವರು ಗೋಳಾಡುತ್ತಿದ್ದರು; 2015ರ 3.5ರಲ್ಲಿ ಅದೂ ಮರಳಿತು. ಪೈಥಾನ್ 2.7ರ ಬೆಂಬಲವನ್ನು 2015ರಲ್ಲಿ ನಿಲ್ಲಿಸಬೇಕೆಂದಿದ್ದವರು ಗಡುವನ್ನು 2020ಕ್ಕೆ ಮುಂದೂಡಿದರು, ಆದರೆ ಆ ಗಡುವನ್ನು ಮತ್ತೆ ಮುಂದೂಡಲಿಲ್ಲ. 2020ರ ಜನವರಿ 1ಕ್ಕೆ ನಿಲ್ಲಿಸಿದರು. ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ತಪ್ಪು ವಲಸೆಯನ್ನು ಆರಂಭಿಸಿದ್ದಲ್ಲ, ಆ ಕಲ್ಲುಗಳನ್ನು ತೆಗೆಯಲು ನಾಲ್ಕು, ಏಳು ವರ್ಷ ತೆಗೆದುಕೊಂಡದ್ದು. ಬರುತ್ತೇನೆ ಎಂದವನ ದೂರನ್ನು, ಬರುವುದಿಲ್ಲ ಎಂದವನ ದೂರಿನಿಂದ ಮೊದಲ ದಿನವೇ ಬೇರೆ ಮಾಡಿದ್ದರೆ ಅಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಅದೇ ಪೈಥಾನಿನಲ್ಲಿ ಇನ್ನೊಂದು ಪ್ರಸಂಗ. 572ನೆಯ ಪೆಪ್ ಎಂಬ ಪ್ರಸ್ತಾವ, ಒಂದು ಅಭಿವ್ಯಕ್ತಿಯ (ಎಕ್ಸ್‌ಪ್ರೆಶನ್) ಒಳಗೇ ವೇರಿಯಬಲ್ ಹೆಸರಿಗೆ ಮೌಲ್ಯ ಕೊಡಲು := ಎಂಬ ಚಿಹ್ನೆಯನ್ನು ಸೂಚಿಸಿತು. ಪೆಪ್ ಎಂದರೆ ಪೈಥಾನಿಗೆ ಬದಲಾವಣೆ ಸೂಚಿಸುವ ಔಪಚಾರಿಕ ದಾಖಲೆ. ಆ ಚಿಹ್ನೆಯಿಂದ ಯಾರ ಹಳೆಯ ಕೋಡೂ ಮುರಿಯುತ್ತಿರಲಿಲ್ಲ, ಬೇಡವಾದವರು ಬಳಸದೆ ಇರಬಹುದಿತ್ತು. ಆದರೂ ವಾಗ್ವಾದ ತಿಂಗಳುಗಟ್ಟಲೆ ನಡೆಯಿತು. 2018ರ ಜುಲೈನಲ್ಲಿ ಭಾಷೆಯ ಜನಕ ಗಿಡೋ ವಾನ್ ರಾಸಮ್ ಅದನ್ನು ಒಪ್ಪಿದರು. ಜುಲೈ 12ರಂದು, ಅಂತಿಮ ನಿರ್ಧಾರದ ಸ್ಥಾನದಿಂದ ತಾವು ಇಳಿಯುವುದಾಗಿ ತಿಳಿಸಿದರು. ಒಂದು ಪ್ರಸ್ತಾವಕ್ಕಾಗಿ ಇಷ್ಟು ಗುದ್ದಾಡಿ, ಕಡೆಗೆ ಇಷ್ಟು ಜನ ತಮ್ಮ ನಿರ್ಧಾರವನ್ನು ತುಚ್ಛವಾಗಿ ಕಾಣುವುದನ್ನು ಇನ್ನೊಮ್ಮೆ ಅನುಭವಿಸಲು ತಮಗೆ ಮನಸ್ಸಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಇದನ್ನು ಟೀಕಾಕಾರರ ಒರಟುತನದ ಕತೆಯಾಗಿ ಹೇಳುವವರು ಬಹಳ. ಒರಟುತನ ಇದ್ದದ್ದು ನಿಜ. ಆದರೆ ನನಗೆ ಕಾಣುವುದು ವ್ಯವಸ್ಥೆಯ ದೋಷ. ನಿರ್ಧಾರ ಒಬ್ಬ ಮನುಷ್ಯನಲ್ಲಿ ಕೂಡಿಕೊಂಡಿರುವವರೆಗೆ, ನಿರ್ಧಾರದ ಮೇಲಿನ ಪ್ರತಿಯೊಂದು ಟೀಕೆಯೂ ಆ ಮನುಷ್ಯನ ಮೈಮೇಲೆಯೇ ಬೀಳುತ್ತದೆ. ನಂತರ ಪೈಥಾನಿನವರು ಕಟ್ಟಿಕೊಂಡ ವ್ಯವಸ್ಥೆ ಇದಕ್ಕೆ ನೇರ ಉತ್ತರವಾಗಿತ್ತು: ಹಲವು ಆಡಳಿತ ಮಾದರಿಗಳನ್ನು ಲಿಖಿತವಾಗಿ ಮುಂದಿಟ್ಟು, 2018ರ ಡಿಸೆಂಬರಿನಲ್ಲಿ ಮತ ಹಾಕಿ, ಐವರ ಸಮಿತಿಯ ಮಾದರಿಯನ್ನು ಆರಿಸಿಕೊಂಡರು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಅದರಲ್ಲಿ ಇರುವಂತಿಲ್ಲ. 2019ರ ಮೊದಲ ಸಮಿತಿಯಲ್ಲಿ ಗಿಡೋ ಅವರೂ ಒಬ್ಬ ಸದಸ್ಯರಾಗಿದ್ದರು, ಐವರಲ್ಲಿ ಒಬ್ಬರು ಮಾತ್ರ.

ಗೋ ಭಾಷೆಯವರದು ಇನ್ನೊಂದು ದಾರಿ. ದೋಷ ನಿರ್ವಹಣೆಯ ಕೋಡನ್ನು ಚಿಕ್ಕದಾಗಿಸಲು ‘ಟ್ರೈ’ ಎಂಬ ಸೌಲಭ್ಯವನ್ನು 2019ರಲ್ಲಿ ಸೂಚಿಸಿದರು. ವಿರೋಧ ಬಹಳ ಬಂತು. ಆ ಜುಲೈನಲ್ಲಿಯೇ ಪ್ರಸ್ತಾವವನ್ನು ಕೈಬಿಟ್ಟರು. ಹಲವು ಪ್ರಯತ್ನಗಳ ಬಳಿಕ 2025ರ ಜೂನ್‌ನಲ್ಲಿ, ದೋಷ ನಿರ್ವಹಣೆಗೆಂದು ಭಾಷೆಯ ಬರವಣಿಗೆಯ ರೂಪ ಬದಲಿಸುವ ಯತ್ನವನ್ನು ಸದ್ಯಕ್ಕೆ ನಿಲ್ಲಿಸುತ್ತೇವೆ ಎಂದು ಕಾರಣ ಸಮೇತ ಪ್ರಕಟಿಸಿದರು. ರಸ್ಟ್ ಭಾಷೆಯವರು ಅದೇ 2019ರಲ್ಲಿ ತದ್ವಿರುದ್ಧ ನಿರ್ಧಾರಕ್ಕೆ ಬಂದರು. ಫಲಿತಾಂಶಕ್ಕಾಗಿ ಕಾಯಲು ಹೇಳುವ ‘ಅವೇಟ್’ ಎಂಬ ಪದವನ್ನು ಅಭಿವ್ಯಕ್ತಿಯ ಮುಂಚೆ ಇಡಬೇಕೋ, ಚುಕ್ಕೆ ಇಟ್ಟು ಅದರ ನಂತರ ಇಡಬೇಕೋ ಎಂಬ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಎರಡೂ ಕಡೆಯ ವಾದಗಳ ಸಾರಾಂಶವನ್ನು ತಂಡವೇ ಬರೆದು ಪ್ರಕಟಿಸಿ, ತೀರ್ಮಾನಕ್ಕೆ ಒಂದು ದಿನ ಗೊತ್ತುಪಡಿಸಿ, ಬಹಳ ಜನಕ್ಕೆ ಅಪರಿಚಿತವಾಗಿದ್ದ ಎರಡನೆಯ ರೂಪವನ್ನೇ ಆರಿಸಿತು. ಆ ವರ್ಷದ ನವೆಂಬರಿನಲ್ಲಿ ಅದು ಬಳಕೆಗೆ ಬಂತು. ಒಬ್ಬರು ಹಿಂದೆ ಸರಿದರು, ಇನ್ನೊಬ್ಬರು ಮುಂದೆ ಹೋದರು. ಎರಡನ್ನೂ ನಾನು ಒಳ್ಳೆಯ ನಿರ್ವಹಣೆ ಎಂದೇ ಎಣಿಸುತ್ತೇನೆ, ಏಕೆಂದರೆ ಸೋತವರಿಗೆ ತಮ್ಮ ವಾದ ತಮ್ಮದೇ ಮಾತಿಗೆ ಹತ್ತಿರವಾದ ರೂಪದಲ್ಲಿ ದಾಖಲೆಯಲ್ಲಿ ಸಿಗುತ್ತದೆ. ಅಂದ ಹಾಗೆ, ರಸ್ಟ್ ಯೋಜನೆಯೂ ತೊಂದರೆಯಿಂದ ಮುಕ್ತವಲ್ಲ. 2021ರ ನವೆಂಬರಿನಲ್ಲಿ ಅದರ ಶಿಸ್ತುಪಾಲನಾ ತಂಡದವರೆಲ್ಲ, ಮೇಲಿನ ತಂಡ ಯಾರಿಗೂ ಉತ್ತರದಾಯಿಯಾಗಿಲ್ಲ ಎಂದು ಒಟ್ಟಾಗಿ ರಾಜೀನಾಮೆ ಕೊಟ್ಟಿದ್ದರು.

ಈಗ ಶಿಷ್ಟೀಕರಣದ ಒತ್ತಡ. ‘ನಿಮ್ಮ ಭಾಷೆಗೆ ಅಂತರರಾಷ್ಟ್ರೀಯ ಶಿಷ್ಟತಾ ಸಂಸ್ಥೆ ಐಎಸ್‌ಒದ ಶಿಷ್ಟತೆ ಇದೆಯೇ?’ ಎಂದು ಯಾರಾದರೂ ಕೇಳಿದಾಗ, ಕೇಳುವವರು ಯಾರು, ಅವರಿಗೆ ಬೇಕಾದ ಭರವಸೆ ಯಾವುದು ಎಂದು ಮೊದಲು ವಿಚಾರಿಸಬೇಕು. ಸರ್ಕಾರಿ ಟೆಂಡರಿನಲ್ಲಿ ತುಂಬಲು ಒಂದು ಸಂಖ್ಯೆ ಬೇಕಾದವರು ಬೇರೆ, ಅದೇ ಭಾಷೆಗೆ ಎರಡನೆಯ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಬರೆಯುತ್ತಿರುವವರು ಬೇರೆ, ಕಾರಿನ ಬ್ರೇಕಿನ ತಂತ್ರಾಂಶಕ್ಕೆ ಸುರಕ್ಷತೆಯ ಪ್ರಮಾಣಪತ್ರ ಪಡೆಯಬೇಕಾದವರು ಬೇರೆ.

ರೂಬಿ ಭಾಷೆ ಮೊದಲ ಬಗೆಯ ಒತ್ತಡಕ್ಕೆ ಸರಿಯಾದ ಉದಾಹರಣೆ. ಜಪಾನಿನಲ್ಲಿ ಅದು 2011ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಯಿತು. 2012ರಲ್ಲಿ ಐಎಸ್‌ಒ 30170 ಎಂಬ ಸಂಖ್ಯೆಯಲ್ಲಿ ಅಂತರರಾಷ್ಟ್ರೀಯ ಶಿಷ್ಟತೆಯೂ ಆಯಿತು. ಮರುವರ್ಷವೇ ರೂಬಿ 2.0 ಬಂತು. ಭಾಷೆ ಮುಂದೆ ನಡೆಯಿತು, ಶಿಷ್ಟತೆಯ ಪುಸ್ತಕ 2012ರಲ್ಲಿಯೇ ಉಳಿಯಿತು. ರೂಬಿಯ ಬೇರೆ ಬೇರೆ ಅಳವಡಿಕೆಗಳನ್ನು (ಭಾಷೆಯನ್ನು ಓಡಿಸುವ ತಂತ್ರಾಂಶಗಳನ್ನು) ಬರೆಯುವವರು ನಿಜವಾಗಿ ಆತುಕೊಂಡದ್ದು ಹಂಚಿಕೊಂಡ ಪರೀಕ್ಷೆಗಳ ಕಟ್ಟನ್ನು: ಈ ಕೋಡ್ ಕೊಟ್ಟರೆ ಈ ಉತ್ತರ ಬರಬೇಕು ಎಂಬ ಸಾವಿರಾರು ಸಣ್ಣ ಸಣ್ಣ ಹೇಳಿಕೆಗಳು. ಅಧಿಕೃತ ಮೊಹರು ಒಂದು ಬಾಗಿಲು ತೆರೆಯಬಹುದು, ಆದರೆ ದಿನದ ಕೆಲಸ ನಡೆಸುವುದು ಆ ಪರೀಕ್ಷೆಗಳೇ. ಜಾವಾದ ಒಡೆತನ ಹೊಂದಿದ್ದ ಸನ್ ಕಂಪನಿ ಇನ್ನೊಂದು ತುದಿಗೆ ಹೋಗಿ, 1999ರಲ್ಲಿ ಶಿಷ್ಟತಾ ಸಂಸ್ಥೆಯಿಂದ ಪ್ರಸ್ತಾವವನ್ನೇ ಹಿಂದಕ್ಕೆ ಪಡೆದು, ತನ್ನ ಹಿಡಿತದ ಪ್ರಕ್ರಿಯೆಯಲ್ಲಿಯೇ ಭಾಷೆಯನ್ನು ಬೆಳೆಸಿತು. ಅದರಿಂದ ಜಾವಾದ ಬಳಕೆಗೇನೂ ಕುಂದು ಬರಲಿಲ್ಲ.

ರಸ್ಟ್ ಭಾಷೆಗೆ ಮೂರನೆಯ ಬಗೆಯ ಒತ್ತಡ ಬಂತು. ವಾಹನಗಳ ಸುರಕ್ಷತೆಯ ನಿಯಮಗಳಡಿ ಬಳಸಬೇಕಾದ ಕಂಪೈಲರಿಗೆ, ಅದು ಏನು ಮಾಡುತ್ತದೆ ಎಂಬ ಲಿಖಿತ ವಿವರಣೆ ಬೇಕೇ ಬೇಕು. ಫೆರಸ್ ಸಿಸ್ಟಮ್ಸ್ ಎಂಬ ಕಂಪನಿ ‘ಫೆರೋಸೀನ್’ ಹೆಸರಿನ ತನ್ನ ರಸ್ಟ್ ಕಂಪೈಲರಿಗಾಗಿ ಅಂಥ ವಿವರಣೆಯನ್ನು ಬರೆಯಿತು. ಹೊಸ ಭಾಷೆಯನ್ನು ಕಲ್ಪಿಸಲಿಲ್ಲ, ಇರುವ ಕಂಪೈಲರ್ ಹೇಗೆ ನಡೆದುಕೊಳ್ಳುತ್ತದೆಯೋ ಅದನ್ನು ಬರೆಯಿತು. 2025ರಲ್ಲಿ ಆ ದಾಖಲೆಯನ್ನು ರಸ್ಟ್ ಯೋಜನೆಗೇ ಒಪ್ಪಿಸಿತು. ನಮ್ಮ ಜಿಲ್ಲೆಯ ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಇದೇ ಕ್ರಮದಲ್ಲಿ: ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವುದು ಮಗ್ಗದ ಮೇಲೆ ತಲೆಮಾರುಗಳಿಂದ ನಡೆದು ಬಂದಿತ್ತು, ಕಾಗದ ಆಮೇಲೆ ಬಂತು.

ಕಾಗದ ಮೊದಲು ಬಂದರೆ ಏನಾಗುತ್ತದೆ ಎಂಬುದಕ್ಕೆ ಸಿ ಭಾಷೆಯ ಚರಿತ್ರೆಯಲ್ಲಿ ಸಾಕ್ಷಿಯಿದೆ. 1983ರಲ್ಲಿ ರಚನೆಯಾದ ಅಮೆರಿಕದ ಶಿಷ್ಟತಾ ಸಮಿತಿ, ಕೆಲಸ ಮುಗಿಯುವ ಹೊತ್ತಿಗೆ ಮೆಮೊರಿಯ ಒಂದು ಜಾಗವನ್ನು ಬೇರೆ ಹೆಸರಿನಿಂದ ಯಾರೂ ಮುಟ್ಟುವುದಿಲ್ಲ ಎಂದು ಕಂಪೈಲರಿಗೆ ತಿಳಿಸುವ ‘ನೋಏಲಿಯಸ್’ ಎಂಬ ಹೊಸ ಪದವನ್ನು ಕರಡಿಗೆ ಸೇರಿಸಿತು. ಅದನ್ನು ಬಳಸಿ ನೋಡಿದ ಅನುಭವ ಯಾರಿಗೂ ಇರಲಿಲ್ಲ. ಭಾಷೆಯನ್ನು ಸೃಷ್ಟಿಸಿದ ಡೆನಿಸ್ ರಿಚಿ 1988ರಲ್ಲಿ ಅದರ ವಿರುದ್ಧ ಬಹಿರಂಗವಾಗಿ ಬರೆದು, ಅದು ಹೋಗಲೇಬೇಕು, ಇದರಲ್ಲಿ ಚೌಕಾಶಿ ಇಲ್ಲ ಎಂದರು. ಬರಿಯ ಸಿಟ್ಟಿನ ಮಾತಾಗಿದ್ದರೆ ಅದು ಬಿದ್ದುಹೋಗುತ್ತಿತ್ತು. ಆ ಪದದಿಂದ ಇರುವ ಪ್ರೋಗ್ರಾಮುಗಳ ಅರ್ಥ ಹೇಗೆ ಕೆಡುತ್ತದೆ ಎಂದು ಬಿಡಿಸಿ ತೋರಿಸಿದ್ದರು. ಸಮಿತಿ ಅದನ್ನು ತೆಗೆಯಿತು, 1989ರಲ್ಲಿ ಶಿಷ್ಟತೆ ಹೊರಬಂತು. ಆ ಪದ ಪರಿಹರಿಸಲು ಹೊರಟಿದ್ದ ಸಮಸ್ಯೆಗೆ ಹದವಾದ ಉತ್ತರ, ‘ರಿಸ್ಟ್ರಿಕ್ಟ್’ ಎಂಬ ಹೆಸರಿನಲ್ಲಿ, 1999ರ ಪರಿಷ್ಕರಣೆಯಲ್ಲಿ ಸಿಕ್ಕಿತು. ಇಲ್ಲಿ ಟೀಕಾಕಾರರೇ ಭಾಷೆಯ ಜನಕರು, ಟೀಕೆಗೆ ಗುರಿಯಾದದ್ದು ಸಮಿತಿ ಎಂಬುದನ್ನು ಗಮನಿಸಬೇಕು. ಪಾತ್ರಗಳು ಹೀಗೆ ಅದಲುಬದಲಾಗುತ್ತಿರುತ್ತವೆ.

ಜಾವಾಸ್ಕ್ರಿಪ್ಟಿನವರು ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಅದರ ನಾಲ್ಕನೆಯ ಆವೃತ್ತಿಯ ಶಿಷ್ಟತೆ ವರ್ಷಗಟ್ಟಲೆ ಕರಡಿನಲ್ಲಿಯೇ ಬೆಳೆದು, ಸದಸ್ಯರಲ್ಲಿ ಒಮ್ಮತ ಮುರಿದು, 2008ರಲ್ಲಿ ಕೈಬಿಟ್ಟುಹೋಯಿತು. ಮೂರರ ನಂತರ ನೇರವಾಗಿ ಐದು ಬಂತು. ಈಗಿನ ನಿಯಮದ ಪ್ರಕಾರ, ಸಿದ್ಧವಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವ ಎರಡು ಅಳವಡಿಕೆಗಳು ಇಲ್ಲದೆ ಯಾವ ಸೌಲಭ್ಯವೂ ಕೊನೆಯ ಹಂತ ದಾಟುವುದಿಲ್ಲ. 2018ರಲ್ಲಿ ‘ಫ್ಲ್ಯಾಟನ್’ ಎಂಬ ಹೆಸರಿನ ಹೊಸ ಸೌಲಭ್ಯ, ಅದೇ ಹೆಸರನ್ನು ಮೊದಲೇ ಇಟ್ಟುಕೊಂಡಿದ್ದ ಮೂಟೂಲ್ಸ್ ಎಂಬ ಹಳೆಯ ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ಬಳಸಿದ್ದ ಜಾಲತಾಣಗಳನ್ನು ಕೆಡಿಸುತ್ತದೆಂದು ತಿಳಿದಾಗ, ಹೆಸರನ್ನೇ ‘ಫ್ಲ್ಯಾಟ್’ ಎಂದು ಬದಲಿಸಿದರು. ಮರೆತುಹೋದ ಒಂದು ಲೈಬ್ರರಿಗಾಗಿ ಇಷ್ಟು ಬಾಗಬೇಕೇ ಎಂದು ಕೆಲವರು ಮೂಗು ಮುರಿದರು. ಬಾಗಿದ್ದು ಲೈಬ್ರರಿಗಲ್ಲ, ಯಾರೂ ಈಗ ನೋಡಿಕೊಳ್ಳದ ತಾಣವನ್ನು ತೆರೆದು ನೋಡುವ ಓದುಗನಿಗೆ.

ಮೊಹರು ಒತ್ತಿದ ಮೇಲೆ ತಪ್ಪು ಕಂಡರೆ ಏನು ಗತಿ? ಇದಕ್ಕೆ ಉತ್ತರ ನಮ್ಮ ಲಿಪಿಯಲ್ಲಿಯೇ ಇದೆ. ಯೂನಿಕೋಡ್ ಬರುವ ಮೊದಲು ಕನ್ನಡದ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತಗಳನ್ನು ಬಳಸುತ್ತಿತ್ತು. ಒಂದು ಅಂಗಡಿಯಲ್ಲಿ ಟೈಪು ಮಾಡಿಸಿದ ಲಗ್ನಪತ್ರಿಕೆ ಇನ್ನೊಂದು ಅಂಗಡಿಯಲ್ಲಿ ತೆರೆದರೆ ಗೀಚು ಗೀಚಾಗಿ ಕಾಣುತ್ತಿದ್ದುದನ್ನು ಇಲ್ಲಿರುವ ಹಿರಿಯರು ನೋಡಿದ್ದಾರೆ. ಆ ಗೊಂದಲ ನೀಗಿದ್ದು ಶಿಷ್ಟತೆಯಿಂದ. ಅದೇ ಶಿಷ್ಟತೆಯಲ್ಲಿ ‘ೞ’ ಎಂಬ ಅಕ್ಷರಕ್ಕೂ ಜಾಗವಿದೆ. ಬಾದಾಮಿ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣುವ ಅಕ್ಷರ ಅದು. ಇಂದಿನ ‘ಬಾಳು’ ಅಂದು ‘ಬಾೞ್’ ಆಗಿತ್ತು. ಆದರೆ ಯೂನಿಕೋಡಿನಲ್ಲಿ ಅದಕ್ಕೆ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಶುದ್ಧ ತಪ್ಪು. ಹೆಸರಿಟ್ಟವರಿಗೂ ಆಮೇಲೆ ಅದು ತಪ್ಪೆಂದು ತಿಳಿಯಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಭರವಸೆ. ಆ ಹೆಸರನ್ನು ನಂಬಿ ಯಾರೋ ಎಲ್ಲಿಯೋ ಪ್ರೋಗ್ರಾಮ್ ಬರೆದಿರಬಹುದು. ಆದ್ದರಿಂದ ತಪ್ಪು ಹೆಸರು ಹಾಗೆಯೇ ಇದೆ, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿ ಎಂದು ಗುರುತಿಸಿ ಸೇರಿಸಿದ್ದಾರೆ.

ಕನ್ನಡಿಗನಾಗಿ ಇದು ನನಗೆ ಕಿರಿಕಿರಿ. ಭಾಷೆಯೊಂದನ್ನು ನೋಡಿಕೊಂಡವನಾಗಿ ಇದನ್ನು ಒಪ್ಪುತ್ತೇನೆ. ‘ಬದಲಿಸುವುದಿಲ್ಲ’ ಎಂಬ ಭರವಸೆಯ ಬೆಲೆ ತಿಳಿಯುವುದು, ಬದಲಿಸಬೇಕು ಎಂದು ಎಲ್ಲರಿಗೂ ಅನಿಸಿದಾಗಲೂ ಅದು ಉಳಿದುಕೊಂಡರೆ ಮಾತ್ರ. ಹಾಗಾಗಿಯೇ ಎಳೆಯ ಭಾಷೆಗೆ ಮೊಹರು ಒತ್ತಿಸಲು ಅವಸರಪಡುವವರನ್ನು ನಾನು ತಡೆಯುತ್ತೇನೆ: ಹೆಸರುಗಳು ಇನ್ನೂ ತಪ್ಪಾಗಿರುವ ಕಾಲದಲ್ಲಿ ಅವುಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಡಿ. ಅಲ್ಲಿಯವರೆಗೆ ಪರೀಕ್ಷೆಗಳ ಕಟ್ಟನ್ನು ಬೆಳೆಸಿ, ಯಾವುದು ಬದಲಾಗಬಹುದು ಎಂಬುದನ್ನು ಬರೆದು ತಿಳಿಸಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: “ಸರ, ಎಲ್ಲಾ ಬರದಿಟ್ರಿ, ಎಲ್ಲಾರ ಮಾತೂ ಕೇಳಿದ್ರಿ. ಆದ್ರೂ ಯಾರೂ ಒಪ್ಪಲಿಲ್ಲಂದ್ರ ಏನ್ ಮಾಡೂದ್ರಿ?”

ಒಂದು ಮೌಲ್ಯ ನೋಡಿ ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ‘ಸ್ವಿಚ್’ ಪೈಥಾನಿಗೆ ಬೇಕೆಂಬ ಬೇಡಿಕೆ ಬಹಳ ಹಳೆಯದು, ತಂಗಿ. 2006ರಲ್ಲಿ ಗಿಡೋ ಅವರೇ ಅದಕ್ಕೆ 3103ನೆಯ ಪೆಪ್ ಬರೆದರು. ಆಗ ಭಾಷೆಯ ಅಂತಿಮ ಅಧಿಕಾರ ಅವರದೇ, ಬೇಕೆಂದಿದ್ದರೆ ಸೇರಿಸಿಬಿಡಬಹುದಿತ್ತು. 2007ರ ಪೈಕಾನ್ ಸಮ್ಮೇಳನದ ಭಾಷಣದಲ್ಲಿ ಸಭಿಕರನ್ನೇ ಕೇಳಿದರು, ಬೆಂಬಲ ಕಾಣಲಿಲ್ಲ. ತಮ್ಮದೇ ಪ್ರಸ್ತಾವವನ್ನು ತಾವೇ ತಿರಸ್ಕರಿಸಿ, ಏಕೆ ತಿರಸ್ಕರಿಸಿದೆ ಎಂಬುದನ್ನು ಒಂದೆರಡು ಸಾಲಿನಲ್ಲಿ ಆ ದಾಖಲೆಯ ತಲೆಯ ಮೇಲೆಯೇ ಬರೆದರು. ದಾಖಲೆಯನ್ನು ಅಳಿಸಲಿಲ್ಲ. ಅದರಲ್ಲಿ ಯಾವ ಯಾವ ರೂಪಗಳನ್ನು ತೂಗಿ ನೋಡಿದ್ದರು, ಯಾವುದಕ್ಕೆ ಏನು ತೊಡಕಿತ್ತು ಎಂಬುದೆಲ್ಲ ಹಾಗೆಯೇ ಉಳಿಯಿತು. ಮುಂದೆ ಬೇರೆಯವರು, ಬೇರೆ ಅಗತ್ಯದಿಂದ, ಬೇರೊಂದು ರೂಪದಲ್ಲಿ ಅದೇ ಪ್ರಶ್ನೆಗೆ ಮರಳಿದರು. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10ರ ಜೊತೆ ‘ಮ್ಯಾಚ್’ ಬಂತು. ನಿನ್ನ ಕಂಪ್ಯೂಟರಿನಲ್ಲಿ ಈಗ ಇರುವುದು ಅದೇ. ಇಂದು ರಾತ್ರಿ ಪುರುಸೊತ್ತಿದ್ದರೆ ಮೊದಲು 3103ನ್ನು ಓದು, ಆಮೇಲೆ ‘ಮ್ಯಾಚ್’ ಬಳಸಿ ನೋಡು.